ಸೊಸೈಟಿ ಸಾಫ್ಟ್‌ವೇರೂ ನಮ್ಮ ಪ್ರೋಸೆಸ್ ಪರದಾಟವೂ

ನಾವು ಐದು ಜನದ ಟೀಮು. ಒಂದು ಪತ್ತಿನ ಸೊಸೈಟಿಗೆ ಸಾಲ, ಠೇವಣಿ, ಪಿಗ್ಮಿ ಎಲ್ಲಾ ಸೇರಿಸಿ ಸಾಫ್ಟ್‌ವೇರ್ ಮಾಡಿಕೊಡೋ ಕೆಲಸ ಬಂತು. ಕಾಲೇಜಲ್ಲಿ ಓದಿದ್ದು ವಾಟರ್‌ಫಾಲು, ಅಂದ್ರೆ ಏನೇನು ಬೇಕು ಅಂತ ಮೊದಲೇ ಪೂರ್ತಿ ಬರೆದು, ಆಮೇಲೆ ಡಿಸೈನು, ಕೋಡು, ಕೊನೇಲಿ ಟೆಸ್ಟಿಂಗು, ಒಂದು ಮುಗಿದ್ಮೇಲೆ ಇನ್ನೊಂದು. ಹಾಗೇ ಮಾಡಣ ಅಂತ ಎರಡು ತಿಂಗಳು ಕೂತು 80 ಪುಟದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆದ್ವಿ, ಸೆಕ್ರೆಟರಿ ಸಾಹೇಬ್ರು ಒಂದು ಪುಟಾನೂ ತಿರುಗಿಸ್ದೆ ಕೊನೇಲಿ ಸೈನ್ ಹಾಕಿ ಕಾಫಿ ತರಿಸಿದ್ರು. ಅವತ್ತೇ ನಮಗೆ ಅನುಮಾನ ಬರಬೇಕಿತ್ತು.

ಐದು ತಿಂಗಳಾದ್ಮೇಲೆ ಆ್ಯಪ್ ತೋರಿಸಿದ್ರೆ ಪಿಗ್ಮಿ ಕಲೆಕ್ಟರ್ ಒಬ್ರು "ಸಾರ್, ಐವತ್ತು ರೂಪಾಯಿ ಕಟ್ಟೋಕೆ ಅಂಗಡಿಯವ್ರು ವ್ಯಾಪಾರ ಬಿಟ್ಟು ನಿಲ್ತಾರಾ? ನಾಲ್ಕು ಸ್ಕ್ರೀನ್ ದಾಟೋಷ್ಟ್ರಲ್ಲಿ ನಾಳೆ ಬಾರಪ್ಪ ಅಂತಾರೆ" ಅಂದ್ರು. ಮಾರ್ಕೆಟ್ ಒಳಗೆ ನೆಟ್‌ವರ್ಕ್ ಸಿಗಲ್ಲ ಅನ್ನೋದೂ ಆ 80 ಪುಟದಲ್ಲಿ ಎಲ್ಲೂ ಇರ್ಲಿಲ್ಲ.

ಆಮೇಲೆ ವಿನ್‌ಸ್ಟನ್ ರಾಯ್ಸ್ ಅನ್ನೋ ಅಮೆರಿಕದ ಸಾಫ್ಟ್‌ವೇರ್ ತಜ್ಞರು 1970ರಲ್ಲಿ ಬರೆದ ಪೇಪರ್ ಹುಡುಕಿ ಓದಿದೆ, ವಾಟರ್‌ಫಾಲಿನ ಆ ಮೆಟ್ಟಿಲು ಮೆಟ್ಟಿಲಾದ ಚಿತ್ರ ಅಲ್ಲಿಂದ ಬಂದಿದ್ದು ಅಂತಾರಲ್ಲ ಅದು. ಅದ್ರಲ್ಲಿ ವಾಟರ್‌ಫಾಲ್ ಅನ್ನೋ ಪದಾನೇ ಇಲ್ಲ! ಟೆಸ್ಟಿಂಗ್ ಕೊನೇಲಿ ಬರೋದ್ರಿಂದ ಹೀಗೆ ಮಾಡೋದು ರಿಸ್ಕು ಅಂತ ಅವ್ರೇ ಬರೆದಿದಾರೆ, ಹೊಸ ಥರದ ಕೆಲಸ ಆದ್ರೆ ಮೊದಲು ಒಂದು ಪೈಲಟ್ (ಚಿಕ್ಕ ಟ್ರಯಲ್) ಮಾಡಿ ನೋಡಿ ಅಂತಾನೂ. ನಮಗೆ ಕ್ಲಾಸಲ್ಲಿ ಸಿಕ್ಕಿದ್ದು ಚಿತ್ರ ಮಾತ್ರ.

ಸರಿ, ಸ್ಕ್ರಮ್‌ಗೆ ಹಾರಿದ್ವಿ, ಅಂದ್ರೆ ಕೆಲಸಾನ ಸ್ಪ್ರಿಂಟ್ ಅನ್ನೋ ಚಿಕ್ಕ ಚಿಕ್ಕ ಕಂತಾಗಿ ಒಡೆದು, ಪ್ರತಿ ಕಂತಲ್ಲೂ ಒಂದಷ್ಟು ಮಾಡಿ ತೋರಿಸೋದು. ಅದೂ ಹೆಸರಿಗೆ. 15 ನಿಮಿಷದ ಡೈಲಿ ಮೀಟಿಂಗು ನಮ್ಮಲ್ಲಿ ಮುಕ್ಕಾಲು ಗಂಟೆ, ಸ್ಪ್ರಿಂಟ್ ಮಧ್ಯೆ ಸೆಕ್ರೆಟರಿ ಫೋನ್ ಮಾಡಿ "ಇದೊಂದು ರಿಪೋರ್ಟ್ ಹಾಕ್ಬಿಡಿ" ಅಂದ್ರೆ ಹೂಂ ಅನ್ನೋದು, ಯಾವ ಕೆಲಸ ಮೊದಲು ಅಂತ ತೀರ್ಮಾನ ಮಾಡೋ ಪ್ರಾಡಕ್ಟ್ ಓನರ್ ಯಾರು ಅಂದ್ರೆ ಒಬ್ರ ಮುಖ ಒಬ್ರು ನೋಡೋದು. ಬಡ್ಡಿ ಲೆಕ್ಕಾನೂ ಸ್ಪ್ರಿಂಟ್‌ಗೆ ಹಾಕಿ ಮೂರು ಸಲ ಕಿತ್ತು ಕಟ್ಟಿದ್ವಿ, ಯಾಕಂದ್ರೆ ಸೊಸೈಟಿ ಬೈಲಾನ ಯಾರೂ ಮೊದಲೇ ಕೇಳಿ ಇಸ್ಕೊಂಡಿರ್ಲಿಲ್ಲ.

ಕೊನೆಗೆ ಕೆಲಸಾನೇ ಎರಡು ಭಾಗ ಮಾಡಿದ್ವಿ. ಬಡ್ಡಿ, ಲೆಡ್ಜರ್, ಆಡಿಟ್ ರಿಪೋರ್ಟು, ಇವುಗಳ ರೂಲ್ಸ್ ಮೊದಲೇ ಫಿಕ್ಸ್ ಆಗಿರತ್ತೆ, ದಿನಾ ಬದಲಾಗಲ್ಲ. ಅದನ್ನ ಕ್ಲರ್ಕ್ ಪಕ್ಕ ಕೂತು ಪೂರ್ತಿ ಬರ್ಕೊಂಡು, ಹಿಂದಿನ ವರ್ಷ ಕ್ಲೋಸ್ ಆದ ಲೆಕ್ಕಾನ ಟೆಸ್ಟ್ ಕೇಸ್ ಮಾಡ್ಕೊಂಡು, ಪೈಸೆಗೆ ಪೈಸೆ ತಾಳೆ ಆಗೋವರೆಗೂ ಮುಂದಕ್ಕೆ ಹೋಗ್ಲಿಲ್ಲ. ಆ್ಯಪ್‌ಗೆ ಮಾತ್ರ ಎರಡು ವಾರದ ಸ್ಪ್ರಿಂಟು, ಡೆಮೋ ಆಫೀಸಲ್ಲಿ ಅಲ್ಲ, ಕಲೆಕ್ಟರ್ ಜೊತೆ ಮಾರ್ಕೆಟ್ ಸುತ್ತುತ್ತಾ. ಅಕೌಂಟೆಂಟ್ ಮೇಡಂ ಪ್ರಾಡಕ್ಟ್ ಓನರ್ ಆದ್ರು, ಸೆಕ್ರೆಟರಿ ಫೋನ್ ಬಂದ್ರೆ "ಮೇಡಂಗೆ ಹೇಳಿ ಸಾರ್" ಅಷ್ಟೇ (ಮೊದಲನೇ ಸಲ ಹೇಳುವಾಗ ಕೈ ನಡುಗಿತ್ತು). ಲೈವ್ ಆದ್ಮೇಲೆ ಬರೋ ಬಗ್‌ಗಳಿಗೆ ಸ್ಪ್ರಿಂಟ್ ಒಗ್ಗಲಿಲ್ಲ, ಗೋಡೆ ಮೇಲೆ ಕಾನ್ಬಾನ್ ಬೋರ್ಡು (ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ ಅಂಟಿಸೋದು), "ಮಾಡ್ತಿರೋದು" ಕಾಲಂನಲ್ಲಿ ಮೂರೇ ಚೀಟಿ, ಒಂದು ಮುಗೀದೆ ಇನ್ನೊಂದು ಇಲ್ಲ. ವರ್ಷದ ಲೆಕ್ಕ ಮುಗಿಸೋ ಮಾರ್ಚ್ ಪೂರ್ತಿ ಹೊಸ ರಿಲೀಸ್ ಬಂದ್.

ಈಗ ಆ್ಯಪ್ ತೆಗೆದ್ರೆ ಕಲೆಕ್ಟರ್ ನಡೆಯೋ ದಾರಿ ಪ್ರಕಾರಾನೇ ಅಂಗಡಿ ಹೆಸರು ಬರತ್ತೆ, ಒಂದು ಸಲ ಒತ್ತಿದ್ರೆ ಎಂಟ್ರಿ, ಸಂಜೆ ಆಫೀಸಿಗೆ ಬಂದ್ಮೇಲೆ ಅಪ್‌ಲೋಡು. ಆದ್ರೂ ಬಿಸಿಲಲ್ಲಿ ಅಕ್ಷರ ಕಾಣಲ್ಲ ಅಂತ ಮೊನ್ನೆ ಬೈದ್ರು. ಮುಂದಿನ ಸ್ಪ್ರಿಂಟ್‌ಗೆ ಮೊದಲ ಐಟಂ ಅದೇ.