ಆಗ್ವಾ ಫ್ರಿಯಾ ನದಿಗುಂಟ: ಬಂಡೆಚಿತ್ರಗಳಿಂದ ಜಲಾಶಯದವರೆಗೆ

ಅರಿಜೋನಾದ ಫೀನಿಕ್ಸ್ ನಗರದ ಉತ್ತರಕ್ಕೆ, ಸವಾರೊ ಕಳ್ಳಿಗಳ ಮರುಭೂಮಿಯ ನಡುವೆ ಲೇಕ್ ಪ್ಲೆಸೆಂಟ್ ಜಲಾಶಯವಿದೆ. ಮೊದಲ ಭೇಟಿಯಲ್ಲಿ ನಾನು ಅಲ್ಲಿ ಕಯಾಕ್ ಎಂಬ ಕಿರುದೋಣಿ ನಡೆಸಿ ಹಿಂತಿರುಗಿದ್ದೆ. ಅದನ್ನು ಸೇರುವ ಆಗ್ವಾ ಫ್ರಿಯಾ ನದಿಯ ಮೇಲ್ಭಾಗದಲ್ಲಿ ಪ್ರಾಚೀನ ಬಂಡೆಚಿತ್ರಗಳಿವೆಯೆಂದು ತಿಳಿದ ಬಳಿಕ, ಎರಡನ್ನೂ ಒಂದೇ ದಿನ, ನದಿ ಹರಿಯುವ ದಿಕ್ಕಿನಲ್ಲೇ ನೋಡಲು ನಿಶ್ಚಯಿಸಿದೆ.

ಚಿತ್ರಗಳಿರುವುದು 2000ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಪ್ರದೇಶದ ಬ್ಯಾಜರ್ ಸ್ಪ್ರಿಂಗ್ಸ್‌ನಲ್ಲಿ. ವಾಹನ ನಿಲ್ಲಿಸಿ ಮರಳಿನ ಹಳ್ಳದಗುಂಟ ಒಂದು ಮೈಲಿಗಿಂತ ಕಡಿಮೆ ನಡೆದರೆ ನದಿ ಸಿಗುತ್ತದೆ. ಒಮ್ಮೆ ನಡುಮಧ್ಯಾಹ್ನ ಹೋಗಿ, ನೆತ್ತಿಯ ಬಿಸಿಲಿನಲ್ಲಿ ಗೆರೆಗಳನ್ನು ಗುರುತಿಸಲಾಗದೆ ನಿರಾಶನಾಗಿದ್ದೆ. ಜನವರಿಯ ಒಂದು ಬೆಳಗ್ಗೆ, ಓರೆ ಬೆಳಕಿನಲ್ಲಿ, ಕೊಂಬಿನ ಪ್ರಾಣಿಗಳು ಒಂದೊಂದಾಗಿ ಕಾಣಿಸಿದವು. ಕಬ್ಬಿಣ ಮತ್ತು ಮ್ಯಾಂಗನೀಸ್ ಸೇರಿ ಬಂಡೆಯ ಮೇಲೆ ಸಾವಿರಾರು ವರ್ಷಗಳಲ್ಲಿ ಕಟ್ಟಿದ ಕಪ್ಪು ಪದರವನ್ನು ಕಲ್ಲಿನಿಂದ ಕುಟ್ಟಿ ತೆಗೆದಾಗ ಒಳಗಿನ ತಿಳಿ ಬಣ್ಣ ಹೊರಬಂದು ಚಿತ್ರವಾಗುತ್ತದೆ. ಬಳ್ಳಾರಿಯ ಬಳಿಯ ಕುಪ್ಪಗಲ್ಲು ಗುಡ್ಡದ ಕರಿಬಂಡೆಗಳ ಮೇಲೆ ನವಶಿಲಾಯುಗದವರು ಗೂಳಿಗಳನ್ನು ಮೂಡಿಸಿದ್ದೂ ಹೀಗೆ ಕುಟ್ಟಿಯೇ ಎಂಬುದು ನೆನಪಾಗಿ, ಬಹಳ ಹೊತ್ತು ಅಲ್ಲಿಯೇ ನಿಂತೆ. ಬೆರಳಿನ ಎಣ್ಣೆಯಂಶವೂ ಈ ಪದರಕ್ಕೆ ಹಾನಿ ಮಾಡುವುದರಿಂದ ಮುಟ್ಟಲಿಲ್ಲ. ಗೆರೆ ಕಾಣಲೆಂದು ನೀರು ಚಿಮುಕಿಸುವುದಾಗಲಿ ಸುಣ್ಣ ಹಚ್ಚುವುದಾಗಲಿ ಅಕ್ಷಮ್ಯವೆಂದೇ ನನ್ನ ಭಾವನೆ.

ಮಧ್ಯಾಹ್ನ ಜಲಾಶಯಕ್ಕೆ ಇಳಿದು ಬಂದೆ. 1927ರ ಹಳೆಯ ಅಣೆಕಟ್ಟನ್ನು ಮುಳುಗಿಸಿಕೊಂಡು ಹೊಸ ವಾಡೆಲ್ ಅಣೆಕಟ್ಟು ಇಲ್ಲಿ ನಿಂತಿದೆ. ಇಲ್ಲಿರುವುದು ಬಹುಪಾಲು ಕಾಲುವೆಯಲ್ಲಿ ಬಂದ ಕೊಲೊರಾಡೊ ನದಿಯ ನೀರು. ಅದನ್ನು ಚಳಿಗಾಲದಲ್ಲಿ ತುಂಬಿಸಿ ಬೇಸಿಗೆಯಲ್ಲಿ ಹರಿಯಬಿಡುವುದರಿಂದ ದಡದ ಅಂಚು ತಿಂಗಳಿಂದ ತಿಂಗಳಿಗೆ ಸರಿಯುತ್ತದೆ. ಹಿಂದಿನ ಸಲ ಕಯಾಕ್ ಇಳಿಸಿದ ಜಾಗ ಆ ದಿನ ನೀರಿನಡಿ ಇತ್ತು.

ಬಿಳಿತಲೆಯ ಹದ್ದುಗಳು ಗೂಡು ಕಟ್ಟುವ ಉತ್ತರದ ಹಿನ್ನೀರಿನ ಒಂದು ಭಾಗವನ್ನು ಡಿಸೆಂಬರ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮುಚ್ಚುತ್ತಾರೆ. ಆ ಗಡಿಯ ಈಚೆಗೇ ಕಯಾಕ್ ನಿಲ್ಲಿಸಿ ದುರ್ಬೀನು ಹಿಡಿದೆ. ಹದ್ದು ಕಾಣಲಿಲ್ಲ. ಸಂಜೆಯಾಗುತ್ತಿದ್ದಂತೆ, ಹಿಂದೆ ಗಣಿಗಾರರು ತಂದಿದ್ದ ಕತ್ತೆಗಳ ಸಂತತಿಯಾದ ಕಾಡುಕತ್ತೆಗಳು ಮರಿಯೊಂದಿಗೆ ದಡಕ್ಕಿಳಿದವು. ಅವು ನೀರು ಕುಡಿದು ಮೇಲೇರುವವರೆಗೆ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸದ್ದಿಲ್ಲದೆ ಕುಳಿತಿದ್ದೆ.