ಹೊಟ್ಟೆ ತೊಳೆದ ನೀರಿನಲ್ಲಿ ಕಂಡದ್ದು

ಜಠರದ ಕ್ಯಾನ್ಸರ್ ಹೊಟ್ಟೆಯೊಳಗೆ ಹೇಗೆ ಹರಡುತ್ತದೆ ಅನ್ನುವುದನ್ನು ಎಂ.ಡಿ. ಓದುವಾಗ ಉರು ಹೊಡೆದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದೆ. ಅದು ತಲೆಗೆ ಹತ್ತಿದ್ದು ಮಾತ್ರ ಒಂದು ಬಾಟಲಿ ಮಸುಕು ನೀರಿನಿಂದ, ಅದೂ ನಾನು ತಪ್ಪು ಮಾಡಿದ ಮೇಲೆ.

ನಾನು ಪ್ಯಾಥಾಲಜಿಸ್ಟ್. ರೋಗಿಯ ಮುಖ ನೋಡುವುದು ಅಪರೂಪ, ಕೋಶಗಳನ್ನು ಮಾತ್ರ ದಿನವಿಡೀ ನೋಡುತ್ತೇನೆ. ಜಠರ ತೆಗೆಯುವ ದೊಡ್ಡ ಆಪರೇಷನ್ನಿಗೆ ಮುಂಚೆ ಸರ್ಜನ್‌ಗಳು ಹೊಕ್ಕುಳ ಬಳಿ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಒಳಗೆ ನೋಡುತ್ತಾರೆ. ಸಿಟಿ ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಐದು ಮಿಲಿಮೀಟರಿಗಿಂತ ಸಣ್ಣ ಗಂಟುಗಳು ಅದರ ಕಣ್ಣಿಗೆ ಬೀಳದೆ ಹೋಗುವುದೇ ಹೆಚ್ಚು. ಕ್ಯಾಮೆರಾಕ್ಕೂ ಏನೂ ಕಾಣದಿದ್ದರೆ ಸುಮಾರು 200 ಮಿ.ಲೀ. ಸೆಲೈನ್ ಸುರಿದು, ಹೊಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿ, ಎದೆಗೂ ಹೊಟ್ಟೆಗೂ ನಡುವಿನ ವಪೆಯ ಕೆಳಗಿನಿಂದಲೂ ಕಿಬ್ಬೊಟ್ಟೆಯ ತಳದಿಂದಲೂ ಹೀರಿ ತೆಗೆದು ನಮಗೆ ಕಳಿಸುತ್ತಾರೆ. ಲ್ಯಾಬಿನಲ್ಲಿ ಅದಕ್ಕೆ ಬರೀ ‘ವಾಶ್’ ಅನ್ನುತ್ತೇವೆ.

ಆ ದಿನದ ವಾಶ್ ನಲವತ್ತು ದಾಟಿದ ಒಬ್ಬ ಹೆಂಗಸಿನದು. ಬಾಟಲಿ ಬಂದಾಗ ಸಂಜೆ ಆಗಿತ್ತು. ಮಾಂಸ ತೊಳೆದ ನೀರಿನ ಹಾಗೆ ತಿಳಿಗೆಂಪು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ಟ್ಯೂಬಿನ ತುದಿಯಲ್ಲಿ ಉಳಿದದ್ದು ಒಂದು ಚಿಟಿಕೆ ಗಸಿ. ಅದರಲ್ಲೇ ಸ್ಲೈಡ್ ಬಳಿಯಬೇಕು. ಒಂದಿಷ್ಟನ್ನು ಆಲ್ಕೋಹಾಲಿನಲ್ಲಿ ಅದ್ದಿ ಪ್ಯಾಪ್ ಬಣ್ಣಕ್ಕೆ, ಒಂದಿಷ್ಟನ್ನು ಗಾಳಿಗೆ ಒಣಗಿಸಿ ಗೀಮ್ಸಾ ಬಣ್ಣಕ್ಕೆ. ಉಳಿದ ಗಸಿಯನ್ನು ಗಟ್ಟಿ ಮಾಡಿ ಮೇಣದಲ್ಲಿ ಕೂರಿಸಿದರೆ ಸೆಲ್ ಬ್ಲಾಕ್. ಆದರೆ ಅದು ಕೈಗೆ ಬರುವುದು ಮರುದಿನ.

ಸ್ಲೈಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಕ್ಯಾನ್ಸರ್ ಅಲ್ಲ, ಮೀಸೊಥೀಲಿಯಲ್ ಕೋಶಗಳು. ಹೊಟ್ಟೆಯ ಒಳಗೋಡೆಗೂ ಕರುಳು, ಜಠರಗಳ ಹೊರಮೈಗೂ ಒಂದೇ ಪದರವಾಗಿ ಹಾಸಿಕೊಂಡಿರುವ ಕೋಶಗಳಿವು. ಇವುಗಳ ಹಾಸು, ಅಂದರೆ ಪೆರಿಟೋನಿಯಂ, ಬಿಡಿಸಿ ಹರಡಿದರೆ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟೇ ಅಗಲ. ಸೆಲೈನಿನ ಹೊಡೆತಕ್ಕೆ ಹಾಳೆ ಹಾಳೆಯಾಗಿ ಎದ್ದು ಬರುತ್ತವೆ. ಕೆಣಕಿದಾಗ ನ್ಯೂಕ್ಲಿಯಸ್ ದಪ್ಪಗಾಗಿ, ಥೇಟ್ ಕ್ಯಾನ್ಸರಿನ ವೇಷ ಹಾಕುತ್ತವೆ. ಆದರೆ ಪಕ್ಕಪಕ್ಕದ ಎರಡು ಕೋಶಗಳ ನಡುವೆ ಕೂದಲೆಳೆಯಷ್ಟು ಬೆಳಕಿಂಡಿ ಉಳಿದಿರುತ್ತದೆ. ಗ್ರಂಥಿ ಕ್ಯಾನ್ಸರಿನ ಗುಂಪಿನಲ್ಲಿ ಈ ಕಿಂಡಿ ಇರುವುದಿಲ್ಲ. ಎಲ್ಲಕ್ಕೂ ಸೇರಿ ಒಂದೇ ಅಂಚು. ನಾನು ಹುಡುಕಿದ್ದು ಅಂಥ ಗುಂಪನ್ನೇ. ಸಿಗಲಿಲ್ಲ. ಅಲ್ಲೊಂದು ಇಲ್ಲೊಂದು ಬಿಡಿ ಕೋಶ, ಒಡಲಲ್ಲಿ ಗುಳ್ಳೆ. ಕಸ ನುಂಗುವ ಮ್ಯಾಕ್ರೊಫೇಜ್ ಇರಬೇಕು ಅಂದುಕೊಂಡೆ. ವಾಶ್‌ನಲ್ಲಿ ಅವೂ ಧಾರಾಳ.

ಸರ್ಜನ್ ಫೋನ್ ಮಾಡಿದರು. “ಮೇಡಂ, ನಾಳೆ ಬೆಳಗ್ಗೆ ಮೊದಲನೇ ಕೇಸಿಗೆ ಹಾಕಿಬಿಡ್ಲಾ?” ಬರೆದ ರಿಪೋರ್ಟ್ ಇನ್ನೂ ಹೋಗಿಲ್ಲ ಅಂತ ಹೇಳುತ್ತಲೇ, ಸ್ಲೈಡಿನಲ್ಲಿ ಏನೂ ಕಾಣಲಿಲ್ಲ ಅಂತಲೂ ಹೇಳಿಬಿಟ್ಟೆ.

ಮನೆಗೆ ಹೊರಡುವ ಮುಂಚೆ, ಯಾಕೋ ಸಮಾಧಾನವಾಗದೆ, ಸ್ಲೈಡ್ ಟ್ರೇಯನ್ನು ನಮ್ಮ ಸರ್ ಮುಂದಿಟ್ಟೆ. ಅವರು ನಲವತ್ತರ ಲೆನ್ಸ್ ತಿರುಗಿಸಿ ಸುಮ್ಮನೆ ಕೂತರು. “ಇದು ಮ್ಯಾಕ್ರೊಫೇಜ್ ಅಂತೀಯಲ್ಲಮ್ಮ, ನ್ಯೂಕ್ಲಿಯಸ್ ಯಾಕೆ ಇಷ್ಟು ಕಪ್ಪಗಿದೆ?” ಮತ್ತೆ ಕಣ್ಣಿಟ್ಟೆ. ಮ್ಯಾಕ್ರೊಫೇಜಿನ ನ್ಯೂಕ್ಲಿಯಸ್ ಹುರುಳಿಕಾಯಿ ಬೀಜದ ಆಕಾರ, ತಿಳಿ ಬಣ್ಣ, ಒಡಲೆಲ್ಲ ನೊರೆನೊರೆ. ಇಲ್ಲಿ ಒಂದೇ ದೊಡ್ಡ ಗುಳ್ಳೆ, ಅದು ನ್ಯೂಕ್ಲಿಯಸ್ಸನ್ನು ಗೋಡೆಗೆ ಒತ್ತಿ ಬಿದಿಗೆ ಚಂದ್ರನಷ್ಟು ತೆಳ್ಳಗೆ ಮಾಡಿತ್ತು. ಮುದ್ರೆಯುಂಗುರವನ್ನು ಪಕ್ಕದಿಂದ ನೋಡಿದ ಹಾಗೆ. ಸಿಗ್ನೆಟ್ ರಿಂಗ್ ಕೋಶ. ಆ ರಾತ್ರಿಯೇ ಸರ್ಜನ್‌ಗೆ ಫೋನ್ ಮಾಡಿ ಕೇಸ್ ನಿಲ್ಲಿಸಿ ಅಂದೆ. ಮರುದಿನ ಸೆಲ್ ಬ್ಲಾಕಿಗೆ ಪಿಎಎಸ್ ಬಣ್ಣ ಹಾಕಿದಾಗ ಆ ಗುಳ್ಳೆಗಳು ಕಡುಗುಲಾಬಿಗೆ ತಿರುಗಿದವು. ಒಳಗಿದ್ದದ್ದು ಲೋಳೆ. ಮೀಸೊಥೀಲಿಯಲ್ ಕೋಶ ಹಿಡಿಯುವ ಕ್ಯಾಲ್‌ರೆಟಿನಿನ್ ಹತ್ತಲಿಲ್ಲ, ಗ್ರಂಥಿ ಕ್ಯಾನ್ಸರಿನ ಕೋಶ ಹಿಡಿಯುವ ಬರ್-ಇಪಿ4 ಹತ್ತಿತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ಈ ಲೋಳೆ ಕೋಶ ಎಡವಿಸಿದ್ದು ನನ್ನೊಬ್ಬಳನ್ನೇ ಅಲ್ಲ ಅನ್ನುವುದೊಂದು ಸಣ್ಣ ಸಮಾಧಾನ. 1896ರಲ್ಲಿ ಜರ್ಮನಿಯ ವೈದ್ಯ ಕ್ರೂಕೆನ್‌ಬರ್ಗ್ ಅಂಡಾಶಯದಲ್ಲಿ ಇಂಥವನ್ನೇ ನೋಡಿ ಅದು ಅಂಡಾಶಯದ್ದೇ ಗಡ್ಡೆ ಎಂದು ಬರೆದಿದ್ದ. ಅವು ಬೇರೆ ಕಡೆಯಿಂದ, ಹೆಚ್ಚಾಗಿ ಜಠರದಿಂದ, ಬಂದವು ಅನ್ನುವುದು ಆಮೇಲೆ ತಿಳಿಯಿತು.

ನಾನು ಗುಂಪು ಹುಡುಕಿದ್ದೇ ತಪ್ಪು. 1965ರಲ್ಲಿ ಫಿನ್ಲೆಂಡಿನ ಪ್ಯಾಥಾಲಜಿಸ್ಟ್ ಲೌರೆನ್ ಜಠರದ ಕ್ಯಾನ್ಸರನ್ನು ಎರಡು ಜಾತಿ ಮಾಡಿದ. ಒಂದು ಗ್ರಂಥಿ ಕಟ್ಟಿಕೊಂಡು ಬೆಳೆಯುವುದು, ಇನ್ನೊಂದು ಚದುರಿ ಹೋಗುವುದು. ಎರಡನೆಯದರಲ್ಲಿ ಕೋಶಕ್ಕೆ ಕೋಶ ಅಂಟಿಸುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್ ಎಷ್ಟೋ ಸಲ ಕೆಟ್ಟಿರುತ್ತದೆ. ಅಂಟು ಬಿಟ್ಟ ಕೋಶಗಳು ಇರುವೆ ಸಾಲಿನ ಹಾಗೆ ಜಠರದ ಗೋಡೆಯೊಳಗೆ ನುಸುಳುತ್ತವೆ. ಮೇಲಿನ ಲೋಳೆಪೊರೆ ನೋಡಲು ಸರಿಯಾಗೇ ಇರಬಹುದು, ಎಂಡೋಸ್ಕೊಪಿಯವರು ಚಿವುಟಿದ ಚೂರು ಖಾಲಿ ಬರಬಹುದು, ಅಷ್ಟರಲ್ಲಿ ಗೋಡೆ ತೊಗಲಿನ ಚೀಲದ ಹಾಗೆ ಬಿರುಸಾಗಿರುತ್ತದೆ. ಸ್ನಾಯು ದಾಟಿ, ಕೊನೆಯ ಪದರವಾದ ಸೀರೋಸಾವನ್ನೂ ಹರಿದರೆ ಹೊರಗೆ ಬಯಲು. ಕೋಶಗಳು ಒಂದೊಂದಾಗಿ ಉದುರುತ್ತವೆ.

ಉದುರಿದ್ದೆಲ್ಲ ಬದುಕುವುದಿಲ್ಲ. ನೆಲೆ ತಪ್ಪಿದ ಕೋಶ ತನ್ನನ್ನು ತಾನೇ ಕೊಂದುಕೊಳ್ಳಬೇಕು ಅನ್ನುವುದು ದೇಹದ ಕಟ್ಟಳೆ. ಅದಕ್ಕೆ ಅನೋಯಿಕಿಸ್ ಅಂತ ಹೆಸರು, ಗ್ರೀಕಿನಲ್ಲಿ ಮನೆಯಿಲ್ಲದ ಸ್ಥಿತಿ. ಈ ಕಟ್ಟಳೆಯನ್ನು ಮೀರಬಲ್ಲ ಕೆಲವೇ ಕೋಶಗಳು ದ್ರವದಲ್ಲಿ ತೇಲುತ್ತವೆ. ಕೆಲವು ಸಣ್ಣ ಉಂಡೆಗಳಾಗಿ ಒಂದಕ್ಕೊಂದು ಆಸರೆಯಾಗುತ್ತವೆ. ಆ ದ್ರವವೂ ನಿಂತ ನೀರಲ್ಲ. ಉಸಿರಾಡಿದಂತೆ ವಪೆ ಮೇಲೆ ಕೆಳಗೆ ಆಡುತ್ತದೆ, ಕರುಳು ಹೊರಳುತ್ತದೆ, ದ್ರವ ಬಲಪಕ್ಕದಿಂದ ಮೇಲಕ್ಕೆ ಏರುತ್ತದೆ, ಭಾರಕ್ಕೆ ಕಿಬ್ಬೊಟ್ಟೆಯ ತಳಕ್ಕೂ ಇಳಿಯುತ್ತದೆ. ಸರ್ಜನ್ ಆ ಜಾಗಗಳಿಂದಲೇ ಹೀರಿ ಕಳಿಸುವುದು ಇದೇ ಕಾರಣಕ್ಕೆ. ನಾನು ಎಷ್ಟೋ ವರ್ಷ ಅದನ್ನು ಬರೀ ರೂಢಿ ಅಂದುಕೊಂಡಿದ್ದೆ.

ಇಳಿಯುವುದಕ್ಕೂ ಜಾಗ ಬೇಕು. ಮೀಸೊಥೀಲಿಯಲ್ ಹಾಸು ನುಣುಪು, ಸುಲಭಕ್ಕೆ ಅಂಟಗೊಡುವುದಿಲ್ಲ. ಆದರೆ ಕರುಳಿನ ಮುಂದೆ ಸೆರಗಿನ ಹಾಗೆ ಇಳಿಬಿದ್ದ ಕೊಬ್ಬಿನ ಮಡಿಕೆ ಇದೆಯಲ್ಲ, ಒಮೆಂಟಮ್, ಅದರ ಮೈಮೇಲೆ ಹಾಲಿನ ಚುಕ್ಕೆಗಳು ಅನ್ನುವ ಪುಟ್ಟ ಬಿಳಿ ತಾಣಗಳಿವೆ. ಸೋಂಕು ಬಂದರೆ ಹಿಡಿಯಲೆಂದು ರಕ್ಷಕ ಕೋಶಗಳು ಕಾದು ಕೂತಿರುವ ಠಾಣೆಗಳವು; ಅಲ್ಲಿ ಹಾಸು ತೆರೆದುಕೊಂಡಿರುತ್ತದೆ, ರಕ್ತನಾಳಗಳು ಹತ್ತಿರದಲ್ಲೇ ಇರುತ್ತವೆ. ಕ್ಯಾನ್ಸರ್ ಕೋಶ ಮೊದಲು ಇಳಿಯುವುದು ಹೆಚ್ಚಾಗಿ ಅಲ್ಲೇ. ಬೇರೆ ಕಡೆ ಮೀಸೊಥೀಲಿಯಲ್ ಕೋಶಗಳು ಉರಿಯೂತದ ಸಂದೇಶಗಳಿಗೆ ಮುದುಡಿ ದುಂಡಗಾಗಿ ಪಕ್ಕಕ್ಕೆ ಸರಿಯುತ್ತವೆ, ಕೆಳಗಿನ ಕೊಲಾಜನ್ ನಾರು ಬಯಲಾಗುತ್ತದೆ, ಕ್ಯಾನ್ಸರ್ ಕೋಶದ ಮೈಮೇಲಿನ ಕೊಕ್ಕೆಗಳಂಥ ಪ್ರೋಟೀನ್‌ಗಳಿಗೆ, ಅಂದರೆ ಇಂಟಿಗ್ರಿನ್‌ಗಳಿಗೆ, ಹಿಡಿ ಸಿಗುತ್ತದೆ. ಆಮೇಲಿನದು ನನಗಂತೂ ಇವತ್ತಿಗೂ ಅಸಹ್ಯ ಅನ್ನಿಸುವ ಸಂಗತಿ: ಟಿಜಿಎಫ್-ಬೀಟಾ ಎಂಬ ಸಂದೇಶ ಪ್ರೋಟೀನಿನ ಪ್ರಭಾವಕ್ಕೆ ಅದೇ ಮೀಸೊಥೀಲಿಯಲ್ ಕೋಶಗಳು ಸ್ವರೂಪ ಬದಲಿಸಿ ನಾರು ನೇಯಲು ಶುರು ಮಾಡುತ್ತವೆ, ಬಂದವರಿಗೆ ಮನೆ ಕಟ್ಟಿಕೊಟ್ಟ ಹಾಗೆ. ಆಗ ಒಮೆಂಟಮ್ ಗಟ್ಟಿ ಹಲಗೆಯಾಗುತ್ತದೆ. ವಪೆಯ ಬಳಿ ದ್ರವ ಬಸಿಯುವ ರಂಧ್ರಗಳು ಕಟ್ಟಿಕೊಂಡು, ರಕ್ತನಾಳಗಳು ಸೋರತೊಡಗಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ.

ಆ ಹೆಂಗಸಿನಲ್ಲಿ ಇದ್ಯಾವುದೂ ಆಗಿರಲಿಲ್ಲ. ಕ್ಯಾಮೆರಾಕ್ಕೆ ಪೆರಿಟೋನಿಯಂ ಫಳಫಳ ಹೊಳೆದಿತ್ತು. ಆದರೂ ಕ್ಯಾನ್ಸರಿನ ಹಂತ ಗುರುತಿಸುವ 2010ರ ಟಿಎನ್‌ಎಂ ಪಟ್ಟಿಯಿಂದ ಈಚೆಗೆ ವಾಶ್‌ನಲ್ಲಿ ಕ್ಯಾನ್ಸರ್ ಕೋಶ ಸಿಕ್ಕರೆ ಅದನ್ನು ಹರಡಿದ ರೋಗ ಎಂದೇ ಲೆಕ್ಕ ಹಿಡಿಯುತ್ತಾರೆ. ಆಪರೇಷನ್ ಮುಂದಕ್ಕೆ ಹೋಯಿತು, ಕೀಮೊ ಶುರುವಾಯಿತು.

ಅಲ್ಲಿಂದ ನನ್ನ ಕೆಲಸದ ರೀತಿ ಬದಲಾಯಿತು. ವಾಶ್ ಕೂಡಲೇ ಬರಬೇಕು, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಬೇಕು ಅಂತ ಥಿಯೇಟರಿನ ಸಿಸ್ಟರ್‌ಗಳ ಹತ್ತಿರ ಜಗಳ ಆಡಿಯಾದರೂ ಹೇಳುತ್ತೇನೆ. ಹೊರಗೆ ಬಿಟ್ಟರೆ ಸಾಯುವ ಮೀಸೊಥೀಲಿಯಲ್ ಕೋಶಗಳಲ್ಲೂ ಗುಳ್ಳೆ ಏಳುತ್ತದೆ, ಆಗ ಉಲ್ಟಾ ತಪ್ಪು ಆಗುತ್ತದೆ. ಸಣ್ಣ ಲೆನ್ಸಿನಲ್ಲಿ ಗುಂಪು ಹುಡುಕಿ ಆದಮೇಲೆ ದೊಡ್ಡ ಲೆನ್ಸಿನಲ್ಲಿ ಬಿಡಿ ಕೋಶಗಳನ್ನು ಅಂಚಿನಿಂದ ಅಂಚಿಗೆ, ಗದ್ದೆ ಉತ್ತ ಹಾಗೆ, ಸಾಲು ಬಿಡದೆ ನೋಡುತ್ತೇನೆ. ಸೆಲ್ ಬ್ಲಾಕ್ ಬರುವ ತನಕ ಫೋನಿನಲ್ಲಿ ಬಾಯಿ ಬಿಡುವುದಿಲ್ಲ.

ಕೆಲವು ತಿಂಗಳ ಮೇಲೆ ಅದೇ ಹೆಸರಿನ ಬಾಟಲಿ ಮತ್ತೆ ಬಂತು. ಎಲ್ಲ ಸ್ಲೈಡ್ ಎರಡೆರಡು ಸಲ ಉತ್ತೆ, ಸರ್‌ಗೂ ತೋರಿಸಿದೆ, ಬ್ಲಾಕಿಗೆ ಕಾದೆ. ಸರ್ಜನ್ ಫೋನ್ ಮಾಡಿ, “ಈ ಸಲ ಇಲ್ಲ ತಾನೇ ಮೇಡಂ?” ಅಂದರು. “ನಾನು ನೋಡಿದ್ದರಲ್ಲಿ ಕಾಣಲಿಲ್ಲ ಸರ್” ಅಂದೆ, ರಿಪೋರ್ಟಿನಲ್ಲೂ ಅಷ್ಟನ್ನೇ ಬರೆದೆ.