ಮುಟುರು ರೋಗಕ್ಕೆ ಜಗ್ಗದ ಟೊಮೆಟೊ: ನನ್ನ ಅನುಭವ

"ಹೈಬ್ರಿಡ್ ಬೀಜ ಉಳಿಸಿ ತಳಿ ಮಾಡ್ತೀಯಾ? ಟೊಮೆಟೊ ಅಲ್ಲ, ಸಾಲ ಬೆಳೀತೀಯ" ಅಂತ ನಮ್ಮ ಭಾವ ನಕ್ಕಿದ್ದರು. ಈ ಬೇಸಿಗೆಯಲ್ಲಿ ಅವರೇ ಬಂದು ಎರಡು ಟ್ರೇ ಸಸಿ ಒಯ್ದರು. ಅದಕ್ಕೇ ಬರೆಯುತ್ತಿದ್ದೇನೆ. ಮುಟುರು ಅಂದರೆ ಟೊಮೆಟೊ ಎಲೆ ಮುದುಡಿಸುವ ವೈರಸ್ ರೋಗ.

ಮೊದಲ ತಪ್ಪೇ ದೊಡ್ಡದು. ಮಳೆಗಾಲದಲ್ಲಿ ಎಫ್2 (ಹೈಬ್ರಿಡ್ ಗಿಡದ ಬೀಜದಿಂದ ಬರುವ ಮುಂದಿನ ಪೀಳಿಗೆ) ಹಾಕಿ, ಎಲೆ ಮುದುಡದ ಗಿಡಗಳನ್ನು ಆರಿಸಿ ಬೀಜ ತೆಗೆದೆ. ಮುಕ್ಕಾಲು ಪಾಲು ಗಿಡ ಹಸಿರಾಗಿ ನಿಂತಿದ್ದವು, ನಾನು ಹಿಗ್ಗಿಹೋಗಿದ್ದೆ. ಫೆಬ್ರವರಿಯಲ್ಲಿ ಆ ಬೀಜ ಬಿತ್ತಿದರೆ ಐದಾರು ವಾರಕ್ಕೆ ಹೊಲವೆಲ್ಲ ಮುಟುರು. ಮಳೆಗಾಲದಲ್ಲಿ ಈ ವೈರಸ್ ಹರಡುವ ಬಿಳಿ ನೊಣವೇ ಇರಲಿಲ್ಲ. ಆ ಗಿಡಗಳು ರೋಗ ತಡೆದಿರಲಿಲ್ಲ, ಸುಮ್ನೆ ತಪ್ಪಿಸಿಕೊಂಡಿದ್ದವು. ಅರ್ಧ ಎಕರೆಯಲ್ಲಿ ಹತ್ತಿರ ಹತ್ತಿರ 70,000 ರೂಪಾಯಿ ಮಣ್ಣುಪಾಲು.

ಆಮೇಲೆ ಮುಟುರು ತಡೆಯುವ ಟಿವೈ-2 ಜೀನ್ ಇರುವ ತಳಿ ಹಿಡಿದೆ. ಒಂದು ವರ್ಷ ಚೆನ್ನಾಗಿತ್ತು, ಮರುವರ್ಷ ಕೈಕೊಟ್ಟಿತು. ಟಿವೈ-2 ವೈರಸ್ಸಿನ ಒಂದೇ ಪ್ರೋಟೀನಿನ ಗುರುತು ಹಿಡಿಯುತ್ತದೆ. ವೈರಸ್ ಸ್ವಲ್ಪ ವೇಷ ಬದಲಿಸಿದರೆ ಕಾವಲುಗಾರ ನಿದ್ದೆ. ಕಾಡು ಟೊಮೆಟೊ ಸೊಲಾನಮ್ ಚಿಲೆನ್ಸೆಯಿಂದ ಬಂದ ಟಿವೈ-3 ಹಾಗಲ್ಲ, ಅದು ವೈರಸ್ಸಿನ ಜೀನ್‌ಗಳ ಬಾಯನ್ನೇ ಮುಚ್ಚಿಸುತ್ತದೆ. ಒಂದು 11ನೇ ಕ್ರೋಮೋಸೋಮ್‌ನಲ್ಲಿ, ಇನ್ನೊಂದು 6ನೆಯದರಲ್ಲಿ. ಎರಡನ್ನೂ ಕೂಡಿಸೋಣ ಅಂತ ಕ್ರಾಸ್ ಮಾಡಿದೆ.

ಎರಡೂ ಜೀನ್ ಎರಡೆರಡು ಪ್ರತಿಯಿದ್ದು ಜೋಡಿಯಾಗಿ ಕೂರುವುದು ಎಫ್2ನಲ್ಲಿ 16ಕ್ಕೆ ಒಂದು ಗಿಡ ಮಾತ್ರ. ಜೀನ್ ಪರೀಕ್ಷೆಗೆ ಲ್ಯಾಬಿನವರು ಒಂದು ಎಲೆಗೆ 120 ರೂಪಾಯಿ ಕೇಳಿದರು. 400 ಸಸಿಗೆ ಲೆಕ್ಕ ಹಾಕಿ, ಬೆವರಿದೆ. ಹಾಗಾಗಿ ಮೊದಲು ಎಲ್ಲ ಸಸಿಗಳನ್ನೂ ವೈರಸ್ ಹೊತ್ತ ಬಿಳಿ ನೊಣ ತುಂಬಿದ ಪರದೆಯೊಳಗೆ ಇಟ್ಟೆ. ಒಂದು ಎಲೆಯೂ ಮುದುಡದ 150ನ್ನು ಮಾತ್ರ ಕಳಿಸಿದೆ. ಎರಡೂ ಜೀನ್ ಜೋಡಿಯಾಗಿದ್ದವು 22 ಸಿಕ್ಕವು, 23 ಇರಬಹುದು. 30,000 ಉಳಿಯಿತು. ನೊಣವನ್ನು ಎಲ್ಲ ಸಸಿಗೂ ಸಮವಾಗಿ ಕೂರಿಸುವುದು ಹೇಗೆ ಅನ್ನೋದನ್ನು ಮಾತ್ರ ಹೇಳಲ್ಲ. ಅದಕ್ಕೆ ಎರಡು ಬೇಸಿಗೆ ಸುಟ್ಟಿದ್ದೇನೆ. ಒಂದು ಮಾತು: ನಡುನಡುವೆ ರೋಗ ತಡೆಯದ ಹಳೇ ತಳಿ ನೆಡಿ. ಅದು ಮುದುಡದಿದ್ದರೆ ನಿಮ್ಮ ಪರೀಕ್ಷೆ ನಡೆದೇ ಇಲ್ಲ.

ಗಿಡ ಹಸಿರಾಗಿದೆ ಅಂದರೆ ವೈರಸ್ ಇಲ್ಲ ಅಂತಲ್ಲ. ಟಿವೈ-3 ಗಿಡದೊಳಗೆ ಅದು ಕಡಿಮೆ ಮಟ್ಟದಲ್ಲಿ ಇದ್ದೇ ಇರುತ್ತದೆ. ಕುತೂಹಲಕ್ಕೆ ಒಂದು ಸಾಲಿನ ಪಕ್ಕ ಸೌತೆ ಹಾಕಿದೆ. ಸೌತೆಗೆ ಮೊಸಾಯಿಕ್ ಅನ್ನೋ ಇನ್ನೊಂದು ವೈರಸ್ ರೋಗ ಬಂತು, ಸಸ್ಯಹೇನು ಅದನ್ನು ಟೊಮೆಟೊಗೂ ತಂದಿತು. ಆ ಬದಿಯ ಏಳೆಂಟು ಗಿಡ ಮುದುಡಿಕೊಂಡವು. ಸೌತೆ ಮೊಸಾಯಿಕ್ ವೈರಸ್ ಗಿಡದ ಆ ಬಾಯಿ ಮುಚ್ಚಿಸುವ ವ್ಯವಸ್ಥೆಯನ್ನೇ ಕೆಡಿಸುತ್ತದೆ, ಆಗ ಟಿವೈ-3 ಜೀನ್ ಇದ್ದೂ ಇಲ್ಲದ ಹಾಗೆ. ಸೌತೆ ಕಿತ್ತೆಸೆದೆ.

ಈಗ ಐದನೇ ಪೀಳಿಗೆ. ಏಪ್ರಿಲ್‌ನಲ್ಲೂ ನೂರಕ್ಕೆ 90ರ ಮೇಲೆ ಗಿಡ ನಿಲ್ಲುತ್ತವೆ. ಕಾಡು ಟೊಮೆಟೊ ಜೀನಿನ ಜೊತೆ ಅದರ ಸಣ್ಣ ಹಣ್ಣೂ ಅಂಟಿಕೊಂಡು ಬಂದಿದೆ, 65–70 ಗ್ರಾಂ ದಾಟುತ್ತಿಲ್ಲ. ಮಂಡಿಯಲ್ಲಿ ಬಾಕ್ಸಿಗೆ 40 ರೂಪಾಯಿ ಕಡಿಮೆ ಕೂಗುತ್ತಾರೆ. ಇದನ್ನು ಭಾವನಿಗೆ ಇನ್ನೂ ಹೇಳಿಲ್ಲ.